ಹೊಸಬರ ಸಂಘದ ಒಬ್ಬನೇ ಹಳಬ

ಕೊಡೆ ರಿಪೇರಿಯವನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು "ಎರಡು ಆಟೀನು". ಇದರಲ್ಲಿ ಅನುಮಾನವಿಲ್ಲ. ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಆರನೇ ನಂಬರಿನ ಮಂಚ. ಪಕ್ಕದಲ್ಲಿ ದಾದಿ ಇದ್ದಳು, ಅವಳೂ ಕೇಳಿಸಿಕೊಂಡಳು.

ಅದಕ್ಕೂ ಮೊದಲು ಅವನು ನೀರಿನ ಲೋಟ ಹಿಡಿದು "ಒಂದು, ಒಂದೇ ಒಂದು ಗುಟುಕು" ಅಂದಿದ್ದ. ಅವಳು ಕಣ್ಣು ಬಿಟ್ಟು "ಎರಡು ಆಟೀನು" ಅಂದಳು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸ್ಪಷ್ಟವಾಗಿ ಅಂದಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕಾದಳು. ಅವನು "ಏನಂದೆ?" ಅಂದ. ಅದು ಸರಿಯಾದ ಉತ್ತರವಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮತ್ತೆ ಅವಳು ಮಾತಾಡಲಿಲ್ಲ.

ಇದು ಇಸ್ಪೀಟೆಲೆಯ ಮಾತು ಅನ್ನುವಷ್ಟು ಅವನಿಗೆ ಗೊತ್ತಿತ್ತು. ಆಟೀನು ಅಂದರೆ ಕೆಂಪು ಎಲೆ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಅವಳು ಇಪ್ಪತ್ತೆರಡು ವರ್ಷ, ಪ್ರತಿ ಗುರುವಾರ, ಬ್ರಿಡ್ಜ್ ಕ್ಲಬ್ಬಿಗೆ ಹೋದವಳು. ಒಂದು ಮೇಜಿಗೆ ನಾಲ್ಕು ಜನ ಕೂತು ಆಡುವ ಆಟ. ಎದುರು ಕೂತವರು ಜೊತೆಗಾರರು. ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವನು "ಹೊರಟಳು ಜೂಜುಗಾರ್ತಿ" ಅನ್ನುತ್ತಿದ್ದ. "ಕಾಸಿಟ್ಟು ಆಡೋದಲ್ಲ ರೀ, ತಲೆ ಇಟ್ಟು ಆಡೋದು. ನಿಮಗೆ ಕಷ್ಟ" ಅನ್ನುತ್ತಿದ್ದಳು. ಬ್ರಿಡ್ಜಿನ ಬಗ್ಗೆ ಆ ಮನೆಯಲ್ಲಿ ನಡೆದ ಮಾತೆಲ್ಲ ಇಷ್ಟೇ.

ಈಗ ಅವನಿಗೆ ಬೇಕಾದದ್ದು ಒಂದೇ. ಅವಳು ಏನು ಹೇಳಿದಳು, ತಾನು ಏನು ಅನ್ನಬೇಕಿತ್ತು.

ಅವಳ ತಮ್ಮ ಬಸ್ ಕಂಡಕ್ಟರ್. ಅವನು ಒಂದು ವಾರ ಬಂದು ಜೊತೆಗಿದ್ದು ತನಗೆ ತೋಚಿದ ಅರ್ಥ ಹೇಳಿದ.

"ಭಾವ, ನಿಮಗೆ ಸರಿಯಾಗಿ ಕೇಳಿಸಿಲ್ಲ. ಅಕ್ಕ 'ಎರಡು ಹಾಕೀನು' ಅಂದಿರಬೇಕು. ಟೀಗೆ ಸಕ್ಕರೆ."

"ಟೀ ಎಲ್ಲಿತ್ತೋ ಅಲ್ಲಿ."

"ಹಾಗಾದ್ರೆ 'ಎರಡು ದಿನ ಆದೀತು' ಅಂದಿರಬೇಕು. ಮನೆಗೆ ಬರೋದಕ್ಕೆ."

"ನಿಮ್ಮಕ್ಕ ಇಪ್ಪತ್ತಾರು ವರ್ಷ ಪ್ರೆಸ್ಸಲ್ಲಿ ಪ್ರೂಫ್ ನೋಡಿದವಳು. ಒಂದಕ್ಷರ ಆಚೀಚೆ ಆಗೋದಿಲ್ಲ."

"ಅದೂ ಸರಿ ಅನ್ನಿ. ನನ್ನ ಮದುವೆ ಕಾಗದದಲ್ಲಿ ಏಳು ತಪ್ಪು ಹಿಡಿದಿದ್ಲು. ಎಂಟನೇದು ಗಂಡು ಅಂದಿದ್ಲು."

ಮೂರು ವಾರ ಕಳೆದ ಮೇಲೆ, ಒಂದು ಗುರುವಾರ, ಕೊಡೆಯವನು ಅಂಗಡಿಗೆ ಬೀಗ ಹಾಕಿ ಕ್ಲಬ್ಬಿಗೆ ಹೋದ.

ಕ್ಲಬ್ಬು ಗಡಿಯಾರದ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಮೂರು ಚೌಕ ಮೇಜು, ಹನ್ನೆರಡು ಕುರ್ಚಿ, ಒಂದು ಬೀರು, ಎರಡು ಕಿಟಕಿ. ಮೇಜಿಗೆ ಹೊದಿಸಿದ ಹಸಿರು ಬಟ್ಟೆ ಮೊಣಕೈ ಊರುವ ಜಾಗದಲ್ಲೆಲ್ಲ ಸವೆದು ಬಿಳಿಚಿಕೊಂಡಿತ್ತು. ಬಾಗಿಲ ಮೇಲೆ ಒಂದು ಸೂಚನೆ ಇತ್ತು.

"ಹೊಸಬರಿಗೆ ಸ್ವಾಗತ. ಹಳಬರಿಗೆ ಪ್ರವೇಶವಿಲ್ಲ."

ಕಾರ್ಯದರ್ಶಿಗಳು ಎದ್ದು ಬಂದರು. ಭೂಮಾಪನ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ಅವರು ದುಃಖವನ್ನೂ ಸರಪಳಿ ಹಿಡಿದು ಅಳೆದೇ ವ್ಯಕ್ತಪಡಿಸುತ್ತಿದ್ದರು.

"ಬನ್ನಿ ಕೊಡೆಯವರೇ. ಸುದ್ದಿ ತಿಳೀತು. ಬಹಳ ಬೇಜಾರಾಯ್ತು. ಸಾಕಷ್ಟು ಬೇಜಾರಾಯ್ತು."

"ಒಂದು ಮಾತು ಕೇಳೋಣ ಅಂತ ಬಂದೆ. ಎರಡು ಆಟೀನು ಅಂದ್ರೆ ಏನು?"

ಕಾರ್ಯದರ್ಶಿಗಳ ಬಾಯಿ ಅರ್ಧ ತೆರೆಯಿತು. ಅವರು ಬಾಗಿಲ ಕಡೆ ನೋಡಿದರು. ಕಿಟಕಿಯ ಕಡೆ ನೋಡಿದರು. ಬಾಯಿ ಮುಚ್ಚಿತು.

"ಗೊತ್ತಿಲ್ಲ," ಅಂದರು.

"ನೀವು ಎಷ್ಟು ವರ್ಷದಿಂದ ಆಡ್ತಿದ್ದೀರಿ?"

"ನಾನಾ? ನಾನು ಸೇರಿ ಹದಿನೆಂಟು ದಿನ ಆಯ್ತು."

ಕೊಡೆಯವನಿಗೆ ಅವರು ನಲವತ್ತು ವರ್ಷದಿಂದ ಗೊತ್ತಿದ್ದವರು. ಗುರುವಾರ ಮಳೆ ಬಂದಾಗಲೆಲ್ಲ ಅವರ ಕೊಡೆಯ ಕಡ್ಡಿ ಮುರಿದದ್ದು ಇದೇ ಕಟ್ಟಡದ ಮೆಟ್ಟಿಲ ಮೇಲೆ. ಆದರೆ ಅವನು ವಾದಿಸುವವನಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಓದಿದವರು ಹದಿನೆಂಟು ದಿನ ಅಂದರೆ ಹದಿನೆಂಟು ದಿನವೇ ಇರಬೇಕು ಅಂದುಕೊಂಡು ಕುರ್ಚಿಯಲ್ಲಿ ಕೂತ. ಕಾರ್ಯದರ್ಶಿಗಳು ಬೀರುವಿನಿಂದ ಒಂದು ಕಾಗದ ತೆಗೆದು ಅವನ ಮುಂದಿಟ್ಟರು. ಅವನು ಬೆರಳಿಟ್ಟು ನಿಧಾನವಾಗಿ ಓದಿದ.

"ಸಾರ್ವಜನಿಕ ಕೊಠಡಿಗಳ ಕಚೇರಿಯ ಸುತ್ತೋಲೆ. ಕೊಠಡಿ ಬಳಸುವ ಪ್ರತಿಯೊಂದು ಸಂಘವೂ ಮೂರು ತಿಂಗಳಿಗೊಮ್ಮೆ ಹನ್ನೆರಡಕ್ಕೆ ಕಡಿಮೆಯಿಲ್ಲದಂತೆ ಹೊಸ ಸದಸ್ಯರನ್ನು ಆಕರ್ಷಿಸತಕ್ಕದ್ದು. ಆಕರ್ಷಿತರಾದವರನ್ನು ಉಳಿಸಿಕೊಳ್ಳತಕ್ಕದ್ದು. ಹೊಸಬರು ಸಂಘ ಬಿಡುವುದಕ್ಕೆ ಹಳಬರೇ ಕಾರಣವೆಂದು ಅಧ್ಯಯನದಿಂದ ಕಂಡುಬಂದಿರುವುದರಿಂದ, ಬೋಧನೆಯ ಸಲುವಾಗಿ ಕಡ್ಡಾಯವಾಗಿ ಇರತಕ್ಕ ಒಬ್ಬರನ್ನು ಬಿಟ್ಟು ಬೇರೆ ಹಳಬರನ್ನು ಇಟ್ಟುಕೊಳ್ಳತಕ್ಕದ್ದಲ್ಲ. ತಪ್ಪಿದಲ್ಲಿ ಕೊಠಡಿಯನ್ನು ಸರದಿಯಲ್ಲಿ ಮುಂದಿರುವ ಹೊಟ್ಟೆ ಕರಗಿಸುವವರ ಸಂಘಕ್ಕೆ ವಹಿಸಲಾಗುವುದು."

ಅಧ್ಯಯನದಲ್ಲಿ ಸುಳ್ಳಿರಲಿಲ್ಲ. ಸುತ್ತೋಲೆ ಬಂದ ಮೊದಲ ತಿಂಗಳು ಕ್ಲಬ್ಬು ಪ್ರಾಮಾಣಿಕವಾಗಿ ಪ್ರಯತ್ನಿಸಿತ್ತು. ಬೀದಿ ಬೀದಿಯ ಗೋಡೆಗೆ ಇನ್ನೂರು ಕಾಗದ ಅಂಟಿಸಿದರು. ಮೂವರು ಬಂದರು. ಮೊದಲನೆಯವರು ಅಂಚೆಯವರು. ಅವರು ಮೊದಲ ದಿನವೇ ರಾಣಿಯನ್ನು ಹಾಕಬಾರದ ಕಡೆ ಹಾಕಿದರು. ಅಧ್ಯಕ್ಷರಾದ ಹಲ್ಲಿನ ಡಾಕ್ಟರು "ಯಾಕೆ ಹಾಕಿದ್ರಿ?" ಎಂದು ಬಹಳ ಸೌಮ್ಯವಾಗಿ ಕೇಳಿದರು. ಮೂವತ್ತೈದು ನಿಮಿಷ ಕೇಳಿದರು. ಅಂದಿನಿಂದ ಅಂಚೆಯವರು ಆ ಕಟ್ಟಡದ ಕಾಗದಗಳನ್ನು ಗೇಟಿನ ಆಚೆಯಿಂದಲೇ ಎಸೆಯುತ್ತಾರೆ. ಎರಡನೆಯವರು ಫೋಟೋ ಸ್ಟುಡಿಯೋದವರು. ಆಟದ ನಡುವೆ ನೀರು ಕುಡಿದು ಬರುತ್ತೇನೆಂದು ಹೋದರು. ಇನ್ನೂ ಕುಡಿಯುತ್ತಿದ್ದಾರೆ ಎಂದು ನಡಾವಳಿಯಲ್ಲಿ ದಾಖಲಾಗಿದೆ. ಮೂರನೆಯವರು ಹೊಲಿಗೆ ತರಗತಿ ಹುಡುಕಿಕೊಂಡು ಬಂದು ಬಾಗಿಲು ತಪ್ಪಿದ ಹೆಂಗಸು. ಅವರನ್ನು ಎರಡು ಗಂಟೆ ಕಾಲ ಉಳಿಸಿಕೊಳ್ಳಲಾಯಿತು. ಹೊರಗಿನ ಚಿಲಕ ಹಾಕಿದ್ದರಿಂದ ಇದು ಸಾಧ್ಯವಾಯಿತು.

ಆಗ ಹಲ್ಲಿನ ಡಾಕ್ಟರು ಸಭೆ ಕರೆದು ಒಂದು ಮಾತು ಹೇಳಿದರು. "ಹೊರಗಿನಿಂದ ಹೊಸಬರು ಬರದಿದ್ರೆ ಒಳಗಿನವರೇ ಹೊಸಬರಾಗಬೇಕು."

ಹನ್ನೆರಡು ಜನ ಸದಸ್ಯರೂ ತಿಂಗಳ ಕೊನೆಯ ದಿನ ಸಂಜೆ ಐದು ಗಂಟೆಗೆ ರಾಜೀನಾಮೆ ಕೊಟ್ಟರು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಸಾಲಾಗಿ ನಿಂತು ಸೇರಿದರು. ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಂಡರು. ಸೇರುವ ಕಾಗದದಲ್ಲಿ "ನನಗೆ ಈ ಆಟ ಬರುವುದಿಲ್ಲ, ಸಂಘದ ಒಳಗಾಗಲಿ ಹೊರಗಾಗಲಿ ಬರುವಂತೆ ವರ್ತಿಸುವುದಿಲ್ಲ" ಎಂದು ರುಜು ಹಾಕಿದರು. ಹೊಸಬರ ಆಕರ್ಷಣೆ ನೂರಕ್ಕೆ ನೂರಾಯಿತು. ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು.

"ಈಗ ಅರ್ಥ ಆಯ್ತಲ್ಲ," ಅಂದರು ಕಾರ್ಯದರ್ಶಿಗಳು. "ನನಗೆ ಎರಡು ಆಟೀನು ಗೊತ್ತಿದ್ರೆ ನಾನು ಹಳಬ. ನಾನು ಹಳಬನಾದ್ರೆ ಹೊಸಬರು ಹನ್ನೊಂದು. ಹನ್ನೊಂದಾದ್ರೆ ಈ ಮೇಜಿನ ಮೇಲೆ ಯಾರೋ ಹೊಟ್ಟೆ ಇಟ್ಟುಕೊಂಡು ಮಲಗ್ತಾರೆ."

"ಹಾಗಾದ್ರೆ ನನ್ನನ್ನೂ ಸೇರಿಸಿಕೊಳ್ಳಿ. ನಾನೇ ಕಲೀತೀನಿ. ನನಗೆ ನಿಜವಾಗ್ಲೂ ಬರಲ್ಲ."

ಕಾರ್ಯದರ್ಶಿಗಳು ಅವನನ್ನು ಬಹಳ ಹೊತ್ತು ನೋಡಿದರು. "ನಿಜವಾಗ್ಲೂ ಬರಲ್ವಾ?"

"ಎಲೆ ಹಿಡಿದವನೇ ಅಲ್ಲ."

"ಇಂಥವರು ಎಲ್ಲಿ ಸಿಗ್ತಾರೆ ಈಗ," ಎಂದು ಅವರು ಸದಸ್ಯರ ಪುಸ್ತಕ ತೆಗೆದರು. ಪೆನ್ನಿನ ಟೋಪಿ ತೆಗೆದರು. ಪುಟದ ಮೇಲೆ ಅವರ ಬೆರಳು ನಿಂತುಬಿಟ್ಟಿತು. ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡ ಹಾಗಾಯಿತು.

"ನೀವು ಆಗಲೇ ಸದಸ್ಯರು ಕೊಡೆಯವರೇ. ಇಪ್ಪತ್ತೆರಡು ವರ್ಷ ಆಗಿದೆ. ದಂಪತಿ ಸದಸ್ಯತ್ವ."

"ನಾನು ಈ ಮೆಟ್ಟಿಲು ಹತ್ತಿದ್ದೇ ಇವತ್ತು."

"ಹತ್ತೋದಕ್ಕೂ ಸದಸ್ಯತ್ವಕ್ಕೂ ಸಂಬಂಧ ಇಲ್ಲ. ಆಗ ದಂಪತಿಗಳಿಗೆ ಕಿಟಕಿ ಪಕ್ಕದ ಮೇಜು ಕೊಡ್ತಿದ್ವಿ. ಅಮ್ಮನವರಿಗೆ ಗಾಳಿ ಬೇಕಿತ್ತು. ನಿಮ್ಮ ಹೆಸರೂ ಬರೆಸಿದ್ರು."

ಇಪ್ಪತ್ತೆರಡು ವರ್ಷ ತಾನು ಒಂದು ಕಿಟಕಿಯಾಗಿದ್ದೆ ಎಂದು ಕೊಡೆಯವನಿಗೆ ಅಂದು ತಿಳಿಯಿತು.

"ಹಾಗಾದ್ರೆ ರಾಜೀನಾಮೆ ಕೊಟ್ಟು ಮತ್ತೆ ಸೇರ್ತೀನಿ. ನಿಮ್ಮ ಹಾಗೆ."

"ದಂಪತಿ ರಾಜೀನಾಮೆಗೆ ಇಬ್ಬರ ರುಜುವೂ ಬೇಕು. ನಿಯಮ ಹದಿನಾಲ್ಕು. ಒಬ್ಬರು ಜಗಳ ಆಡಿಕೊಂಡು ಇನ್ನೊಬ್ಬರನ್ನ ಬಿಡಿಸಬಾರದು ಅಂತ ಮಾಡಿದ್ದು."

"ಅವಳು ಎಲ್ಲಿಂದ ಬಂದು ಹಾಕ್ತಾಳೆ?"

"ಅದನ್ನ ನಿಯಮ ಹೇಳಿಲ್ಲ. ದಂಪತಿಯಲ್ಲಿ ಒಬ್ಬರು ಇರೋವರೆಗೂ ಇಬ್ಬರೂ ಇರ್ತಾರೆ ಅಂತ ಮಾತ್ರ ಹೇಳಿದೆ. ಅದು ನಿಯಮ ಹದಿನೈದು."

ಹದಿನೈದನೆಯ ನಿಯಮದ ಬಗ್ಗೆ ಅವನು ತಕರಾರು ತೆಗೆಯಲಿಲ್ಲ.

ಕಾರ್ಯದರ್ಶಿಗಳು ಪುಸ್ತಕ ಮುಚ್ಚಿ ಸ್ವಲ್ಪ ಯೋಚಿಸಿದರು. ಯೋಚಿಸುತ್ತ ಅವರ ಮುಖ ಅರಳಿತು. ಸಂಘದಲ್ಲಿ ಉಳಿದ ಹಳಬ ಇವನೊಬ್ಬನೇ. ಸುತ್ತೋಲೆಯ ಪ್ರಕಾರ ಬೋಧನೆಗೆ ಒಬ್ಬ ಹಳಬ ಬೇಕೇ ಬೇಕಿತ್ತು. ಆ ಜಾಗ ಹದಿನೆಂಟು ದಿನದಿಂದ ಖಾಲಿ ಇತ್ತು.

"ಮುಂದಿನ ಗುರುವಾರದಿಂದ ಹೊಸಬರಿಗೆ ನೀವೇ ಪಾಠ ಹೇಳಬೇಕು."

"ನನಗೆ ಆಟವೇ ಬರೋದಿಲ್ಲ ಅಂದ್ನಲ್ಲ."

"ಅದನ್ನ ಬೇರೆಯವರ ಮುಂದೆ ಅನ್ನಬೇಡಿ ಮೇಷ್ಟ್ರೇ. ಹೊಸಬರಿಗೆ ಧೈರ್ಯ ಹೋಗುತ್ತೆ."

ಹೀಗೆ ಕೊಡೆಯವನು ಮೇಷ್ಟ್ರಾದ. ಭಾವಮೈದ ಸುದ್ದಿ ಕೇಳಿ ನಕ್ಕ. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರೆ. ನೀವು ಹುಟ್ಟಿದಾಗಿಂದ ಹಿಡಿದೇ ಇದ್ದೀರಿ, ನಿಮಗೇನು ಭಾವ."

ಮೊದಲ ಪಾಠದ ದಿನ ಹನ್ನೆರಡು ಹೊಸಬರೂ ಹೊಸ ನೋಟುಬುಕ್ಕು ತಂದಿದ್ದರು. ಎಲ್ಲರಿಗಿಂತ ಚಿಕ್ಕವರಿಗೆ ಅರವತ್ತೊಂದು. ಮುಂದಿನ ಸಾಲಿನಲ್ಲಿ ಹಲ್ಲಿನ ಡಾಕ್ಟರು. ಅವರ ಪಕ್ಕ ಲೈಬ್ರರಿಯಮ್ಮ. ಊರಿನ ಗ್ರಂಥಾಲಯ ನೋಡಿಕೊಂಡಿದ್ದು ಈಗ ನಿವೃತ್ತರಾದವರು. ಕೊಡೆಯವನ ಹೆಂಡತಿಯ ಎದುರು ಕೂತು ಇಪ್ಪತ್ತೆರಡು ವರ್ಷ ಜೊತೆಯಾಗಿ ಆಡಿದವರು ಇವರೇ. ಕಾರ್ಯದರ್ಶಿಗಳು ಹಾಜರಿ ಕರೆದರು. ಹದಿನೈದನೆಯ ನಿಯಮದಂತೆ ಅವನ ಹೆಂಡತಿಯ ಹೆಸರನ್ನೂ ಕರೆದರು. "ಗೈರು" ಎಂದು ಬರೆದುಕೊಂಡರು. "ಕಾರಣ ತಿಳಿಸಿಲ್ಲ" ಎಂದೂ ಬರೆದುಕೊಂಡರು.

ಕೊಡೆಯವನು ಕಟ್ಟಿನಿಂದ ಒಂದು ಎಲೆ ತೆಗೆದು ಮೇಲೆ ಹಿಡಿದ.

"ಇದು ಏನು?"

"ಗೊತ್ತಿಲ್ಲ ಮೇಷ್ಟ್ರೇ," ಅಂದರು ಎಲ್ಲರೂ.

ಅವನೂ ತಿರುಗಿಸಿ ನೋಡಿದ. "ಗಡ್ಡ ಇದೆ. ರಾಜ ಇರಬೇಕು."

ಎಲ್ಲರೂ ನೋಟುಬುಕ್ಕಿನಲ್ಲಿ "ಗಡ್ಡ ಇದ್ದರೆ ರಾಜ" ಎಂದು ಬರೆದುಕೊಂಡರು. ಹಲ್ಲಿನ ಡಾಕ್ಟರು ಅಡಿಗೆರೆ ಎಳೆದರು.

ಎರಡನೇ ಪಾಠದಲ್ಲಿ ಅವನು ತನ್ನ ಪ್ರಶ್ನೆಯನ್ನೇ ಇಟ್ಟ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಎರಡು ಆಟೀನು" ಎಂದು ಬರೆದು ತಿರುಗಿ ನಿಂತ. ಹಲ್ಲಿನ ಡಾಕ್ಟರ ಬಲಗೈ ತಾನಾಗಿ ಏಳತೊಡಗಿತು. ಎಡಗೈ ಅದನ್ನು ಹಿಡಿದು ಕೂರಿಸಿತು. ಇನ್ನೊಬ್ಬರು ತುಟಿ ಕಚ್ಚಿಕೊಂಡರು. ಕಾರ್ಯದರ್ಶಿಗಳು ಕೆಮ್ಮಿ, "ಅದನ್ನ ನೀವೇ ನಮಗೆ ಕಲಿಸಬೇಕು ಮೇಷ್ಟ್ರೇ" ಅಂದರು.

ಲೈಬ್ರರಿಯಮ್ಮ ತಲೆ ಎತ್ತಲಿಲ್ಲ.

ಶನಿವಾರ ತರಕಾರಿ ಸಾಲಿನಲ್ಲಿ ಅವರು ಅವನಿಗೆ ಎದುರಾದರು. ಅವನು ಚೀಲ ಕೆಳಗಿಟ್ಟ.

"ಅಮ್ಮಾ, ಇಲ್ಲಿ ಯಾರೂ ಇಲ್ಲ. ಹೇಳಿಬಿಡಿ."

ಅವರು ಹಿಂದೆ ತಿರುಗಿ ನೋಡಿದರು. ಈರುಳ್ಳಿ ಆರಿಸುತ್ತ ಒಬ್ಬ ಮನುಷ್ಯ ನಿಂತಿದ್ದ. ಕಚೇರಿಯವರು ಮಾಮೂಲಿ ಬಟ್ಟೆ ಹಾಕಿಕೊಂಡು ತಿರುಗುತ್ತಾರೆ ಎಂದು ಸುದ್ದಿ ಇತ್ತು. ಮಾಮೂಲಿ ಬಟ್ಟೆ ಹಾಕಿಕೊಂಡವರನ್ನು ಕಂಡರೆ ಕ್ಲಬ್ಬಿನವರೆಲ್ಲ ಹೆದರುತ್ತಿದ್ದರು.

"ನಾನು ಹೊಸಬಳು ಮೇಷ್ಟ್ರೇ," ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮನೇಲಿ ನಾನೊಬ್ಬಳೇ ಇರೋದು. ವಾರಕ್ಕೊಂದು ಗುರುವಾರ. ಅದೊಂದು ಹೋದ್ರೆ ಏನು ಮಾಡ್ಲಿ ಹೇಳಿ" ಅಂದರು. ಹಣ್ಣಾದ ಟೊಮೇಟೊ ಬಿಟ್ಟು ಕಾಯಿ ಟೊಮೇಟೊ ಚೀಲಕ್ಕೆ ಹಾಕಿಕೊಂಡು ಹೋದರು.

ಅವನಿಗೆ ಕೋಪ ಬರಲಿಲ್ಲ. ಗುರುವಾರ ಅಂದರೇನು ಎಂದು ಅವನಿಗೂ ಈಗೀಗ ಗೊತ್ತಾಗುತ್ತಿತ್ತು.

ತರಗತಿ ಮುಗಿದ ಮೇಲೆ ಹೊಸಬರು ಅಭ್ಯಾಸಕ್ಕೆಂದು ಒಂದೆರಡು ಆಟ ಆಡುತ್ತಿದ್ದರು. ಅದಕ್ಕೂ ಶಿಸ್ತು ಇತ್ತು. ಗೆದ್ದವರು ಕ್ಷಮೆ ಕೇಳಬೇಕು. "ತಪ್ಪಿ ಗೆದ್ದೆ, ಇನ್ನೊಮ್ಮೆ ಆಗೋದಿಲ್ಲ" ಎಂದು ಹಲ್ಲಿನ ಡಾಕ್ಟರು ಒಂದೇ ಸಂಜೆ ಒಂಬತ್ತು ಸಲ ಅಂದರು. ಅವರ ಮುಖದಲ್ಲಿ ಪಶ್ಚಾತ್ತಾಪ ಎದ್ದು ಕಾಣುತ್ತಿತ್ತು. ಒಟ್ಟಿನಲ್ಲಿ ಕ್ಲಬ್ಬು ಸುಖವಾಗಿತ್ತು. ಹೊಸಬರು ಒಬ್ಬರೂ ಬಿಟ್ಟುಹೋಗಿರಲಿಲ್ಲ. ಬೈಯುವ ಹಳಬರಿರಲಿಲ್ಲವಲ್ಲ.

ಐದನೆಯ ಗುರುವಾರ ತಪಾಸಣೆಯ ಅಧಿಕಾರಿ ಬಂದರು. ಕನ್ನಡಕದ ಹೆಂಗಸು. ಕೈಯಲ್ಲಿ ಒಂದು ಕಡತ, ಬಾಯಲ್ಲಿ ಬಹುವಚನ. ಕೆಳಗೆ ಮೆಟ್ಟಿಲ ಬುಡದಲ್ಲಿ ಹೊಟ್ಟೆ ಕರಗಿಸುವವರ ಸಂಘದ ಇಬ್ಬರು ಅಳತೆ ಟೇಪು ಹಿಡಿದು ನಿಂತಿದ್ದರು. ಕೋಣೆ ಅಳೆಯಲೋ ಹೊಟ್ಟೆ ಅಳೆಯಲೋ ತಿಳಿಯದು.

ಅಧಿಕಾರಿ ನೋಟುಬುಕ್ಕುಗಳನ್ನು ತಿರುವಿ ಹಾಕಿದರು. ಐದು ವಾರದಲ್ಲಿ ಯಾರೂ ರಾಜನಿಂದ ಮುಂದೆ ಹೋಗಿರಲಿಲ್ಲ. ತೃಪ್ತಿಯಿಂದ ಗುರುತು ಹಾಕಿಕೊಂಡರು.

"ಹೊಸಬರು ಆಡುವುದನ್ನು ನೋಡಬೇಕಾಗುತ್ತದೆ. ಬೋಧಕರೂ ಕೂತುಕೊಳ್ಳಲಿ."

ಕಿಟಕಿ ಪಕ್ಕದ ಮೇಜು. ಕೊಡೆಯವನ ಎದುರು ಲೈಬ್ರರಿಯಮ್ಮ, ಅಂದರೆ ಅವನ ಜೊತೆಗಾರರು. ಎಡಕ್ಕೆ ಹಲ್ಲಿನ ಡಾಕ್ಟರು, ಬಲಕ್ಕೆ ಕಾರ್ಯದರ್ಶಿಗಳು. ಎಲೆ ಹಂಚಿದ ಮೇಲೆ ಅವನು ತನ್ನ ಹದಿಮೂರನ್ನು ಎತ್ತಿ ಒಂದೊಂದಾಗಿ ಬಿಡಿಸಿ ಹಿಡಿದ. ಬಿಡಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಬ್ರಿಡ್ಜಿನಲ್ಲಿ ಎಲೆ ಇಳಿಸುವ ಮೊದಲು ಒಬ್ಬೊಬ್ಬರಾಗಿ ಕೂಗಬೇಕು. ಒಂದು ಸಂಖ್ಯೆ, ಒಂದು ಎಲೆಯ ಹೆಸರು. ಅಷ್ಟರಲ್ಲೇ ಜೊತೆಗಾರನಿಗೆ ತನ್ನ ಕೈಯ ಗುಟ್ಟು ತಿಳಿಸಬೇಕು. ಕೊಡೆಯವನಿಗೆ ಇದು ಗೊತ್ತಿರಲಿಲ್ಲ. ತುರುಪು ಅನ್ನುವುದು ಒಂದು ದೊಡ್ಡ ಎಲೆ, ಅದು ಇದ್ದವನು ಗೆಲ್ಲುತ್ತಾನೆ ಎಂದು ಯಾರ ಬಾಯಲ್ಲೋ ಕೇಳಿದ್ದ. ತನ್ನ ಕೈಯನ್ನು ಎರಡು ಸಲ ನೋಡಿದ. ಗಡ್ಡದವರು ಇದ್ದರು, ಹೆಂಗಸರೂ ಇದ್ದರು. ತುರುಪು ಎಂದು ಯಾವುದರ ಮೇಲೂ ಬರೆದಿರಲಿಲ್ಲ.

"ಶುರು ಮಾಡಿ," ಅಂದರು ಅಧಿಕಾರಿ.

"ಒಂದೂ ತುರುಪಿಲ್ಲ," ಅಂದ ಕೊಡೆಯವನು.

ಅವನು ನಿಜವನ್ನೇ ಹೇಳಿದ. ಆದರೆ ಆ ಆಟದಲ್ಲಿ "ಒಂದು ತುರುಪಿಲ್ಲ" ಎಂದು ಒಂದು ಕೂಗು ಇದೆ. ತುರುಪು ಯಾವುದೂ ಬೇಡ, ನನ್ನ ಕೈ ಗಟ್ಟಿ ಇದೆ ಎಂದು ಅದರ ಅರ್ಥ. ಎರಡಕ್ಕೂ ಇರುವುದು ಒಂದು ದೀರ್ಘದ ವ್ಯತ್ಯಾಸ. ಪ್ರೂಫ್ ನೋಡುವವರು ಹಿಡಿಯುತ್ತಿದ್ದರು. ಆಡುವವರ ಕಿವಿ ಹಿಡಿಯಲಿಲ್ಲ.

"ಪಾಸ್," ಅಂದರು ಹಲ್ಲಿನ ಡಾಕ್ಟರು. ಆಮೇಲೆ ಅಧಿಕಾರಿಯ ಕಡೆ ನೋಡಿ "ಹಾಗಂದ್ರೆ ಏನೋ ಗೊತ್ತಿಲ್ಲ, ಬಾಯಿಗೆ ಬಂತು" ಅಂದರು.

ಲೈಬ್ರರಿಯಮ್ಮನ ಕಣ್ಣು ಎಲೆಗಳ ಮೇಲಿತ್ತು. ಅವರು ಯೋಚಿಸಲಿಲ್ಲ. ಮೆಟ್ಟಿಲು ಇಳಿಯುವ ಕಾಲು ಯೋಚಿಸುವುದಿಲ್ಲ.

"ಎರಡು ಆಟೀನು," ಅಂದರು.

ಕಾರ್ಯದರ್ಶಿಗಳು "ಪಾಸ್" ಅಂದರು. ಸರದಿ ಕೊಡೆಯವನಿಗೆ ಬಂತು. ಲೈಬ್ರರಿಯಮ್ಮ ಎಲೆಯಿಂದ ಕಣ್ಣೆತ್ತಿ ಅವನ ಮುಖ ನೋಡಿದರು. ನೋಡುತ್ತ ಕಾದರು.

ಆ ನೋಟವನ್ನು ಅವನು ಒಂದು ಸಲ ನೋಡಿದ್ದ. ಆರನೇ ನಂಬರಿನ ಮಂಚದ ಮೇಲೆ.

ಅವನು ಎಲೆಗಳನ್ನು ಮೇಜಿನ ಮೇಲಿಟ್ಟ. "ಹಾಗಂದ್ರೆ ಏನಮ್ಮಾ? ನನಗೆ ಬರೋದಿಲ್ಲ. ಯಾವತ್ತೂ ಬರ್ತಿರಲಿಲ್ಲ. ಅವಳು ಹೋಗೋ ಮುಂಚೆ ಇದನ್ನೇ ಅಂದ್ಲು. ಹೀಗೇ ನೋಡಿದ್ಲು. ನಾನು ಏನು ಅನ್ನಬೇಕಿತ್ತು?"

ಕಾರ್ಯದರ್ಶಿಗಳು ಕೆಮ್ಮಿದರು. ಮತ್ತೆ ಕೆಮ್ಮಿದರು. ಹಲ್ಲಿನ ಡಾಕ್ಟರು ಮೇಜಿನ ಕೆಳಗೆ ಲೈಬ್ರರಿಯಮ್ಮನ ಕಾಲು ತುಳಿಯಲು ಹೋಗಿ ಅಧಿಕಾರಿಯ ಕಾಲು ತುಳಿದರು.

ಲೈಬ್ರರಿಯಮ್ಮ ಕನ್ನಡಕ ತೆಗೆದರು.

"ಅದಕ್ಕೂ ಮುಂಚೆ ನೀವು ಅವಳಿಗೆ ಏನಂದಿದ್ರಿ?"

"ಒಂದು ಅಂದೆ. ಒಂದು ಗುಟುಕು ನೀರು."

"ನೀವು ಒಂದು ಅಂದ್ರಿ. ಹಾಗಾದ್ರೆ ಅವಳು ಎರಡು ಅಂದದ್ದು ಸರಿಯಾಗೇ ಇದೆ." ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಕೇಳಿ. ಬಾಯಲ್ಲಿ ಆಟೀನು ಅಂತಾಳೆ, ಕೈಯಲ್ಲಿರೋದು ಇಸ್ಪೀಟು, ಅಂದ್ರೆ ಕರಿ ಎಲೆ. ಅದು ನಮ್ಮ ನಮ್ಮಲ್ಲಿ ಒಪ್ಪಂದ. ಜೊತೆಗಾರ ತನ್ನ ಕೈ ನೋಡ್ಕೊಂಡು ಲೆಕ್ಕ ಹಾಕೋ ಹಾಗಿಲ್ಲ. ಎರಡು ಇಸ್ಪೀಟು ಅನ್ನಬೇಕು. ಅಷ್ಟೇ."

"ಅಂದ್ರೆ?"

"ಅಂದ್ರೆ ಅಲ್ಲಿಂದ ಆಟ ನಿಮ್ಮದು ಅಂತ. ಅವಳು ತನ್ನ ಎಲೆಯೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು ಹಿಂದಕ್ಕೆ ಒರಗಿ ಕೂರಬಹುದು. ಮಿಕ್ಕಿದ್ದು ನೀವು ನಡೆಸ್ತೀರಿ."

"ನಾನು ಏನೂ ಅನ್ನದಿದ್ರೆ?"

"ಕೂಗಿದವರು ಕಾಯ್ತಾ ಇರ್ತಾರೆ."

ಕೊಡೆಯವನು ಬಾಯಿ ತೆರೆದ.

"ಒಂದು ನಿಮಿಷ," ಅಂದರು ಅಧಿಕಾರಿ. "ಆಟ ನಿಲ್ಲಿಸಬೇಕು. ಇವರಿಗೆ ಆಟ ಗೊತ್ತಿರುವಂತೆ ಕಾಣುತ್ತದೆ."

"ಇಲ್ಲ ಮೇಡಂ," ಅಂದರು ಕಾರ್ಯದರ್ಶಿಗಳು. "ಊಹೆ ಮೇಲೆ ಹೇಳಿದ್ದು."

"ಊಹೆ ಸರಿಯಾಗಿದೆಯೇ?"

"ಅದು ನಮಗೆ ಹೇಗೆ ಗೊತ್ತಾಗಬೇಕು ಮೇಡಂ. ನಾವು ಹೊಸಬರು."

ಅಧಿಕಾರಿ ಒಪ್ಪಿಕೊಂಡರು. ಅವರು ನ್ಯಾಯವಂತರು. "ಆದರೆ ಈಗ ಎಲ್ಲರೂ ಕೇಳಿಸಿಕೊಂಡಿದ್ದೀರಿ. ಕೇಳಿಸಿಕೊಂಡವರು ಕಲಿತವರು. ಕಲಿತವರು ಹೊಸಬರಲ್ಲ. ಈ ಕ್ಷಣದಲ್ಲಿ ಸಂಘದಲ್ಲಿ ಹೊಸಬರು ಸೊನ್ನೆ, ಹಳಬರು ಹದಿಮೂರು."

ಕೆಳಗಿನಿಂದ ಟೇಪು ಎಳೆದ ಸದ್ದು ಕೇಳಿಸಿತು.

ಹಲ್ಲಿನ ಡಾಕ್ಟರು ಎದ್ದು ನಿಂತರು. ಎಷ್ಟೋ ಜನ ಬಾಯಿ ತೆರೆದು ಅವರ ಮುಂದೆ ಬೇಡಿಕೊಂಡಿದ್ದರು. ಇವತ್ತು ಅವರ ಸರದಿ. "ಮರೀತೀವಿ ಮೇಡಂ," ಅಂದರು.

ಯಾರೂ ನಗಲಿಲ್ಲ. ಅಧಿಕಾರಿ ಕಡತ ತೆರೆದು ಹಾಳೆ ಮಗುಚಿದರು. "ಮರೆಯುವುದಕ್ಕೆ ಅವಕಾಶವಿದೆ. ನಮೂನೆ ಏಳು. ಕಲಿತದ್ದನ್ನು ಮರೆತಿರುವ ಬಗ್ಗೆ ಬೋಧಕರ ದೃಢೀಕರಣ. ಒಬ್ಬೊಬ್ಬರಿಗೆ ಒಂದೊಂದು, ಬೋಧಕರ ಸ್ವಂತ ಕೈಬರಹದಲ್ಲಿ. ನಾಳೆ ಬೆಳಗ್ಗೆ ಹತ್ತು ಗಂಟೆಯ ಒಳಗೆ."

"ಮೇಷ್ಟ್ರೂ ಮರೀಬೇಕಾ?" ಎಂದು ಯಾರೋ ಕೇಳಿದರು.

"ಬೋಧಕರು ಮರೆಯತಕ್ಕದ್ದಲ್ಲ. ಪ್ರತಿ ಸಂಘದಲ್ಲೂ ನೆನಪಿಟ್ಟುಕೊಳ್ಳಲು ಒಬ್ಬರಿಗೆ ಅಧಿಕಾರವಿದೆ."

ಎಲ್ಲರಿಗೂ ಸಮಾಧಾನವಾಯಿತು. ಹಲ್ಲಿನ ಡಾಕ್ಟರು ಅಲ್ಲೇ ಮರೆಯಲು ಶುರು ಮಾಡಿದರು. ಉತ್ಸಾಹದಲ್ಲಿ ಕೊಡೆಯನ್ನೂ ಮರೆತು ಹೋದರು. ಹೊಟ್ಟೆಯವರು ಟೇಪು ಸುತ್ತಿಕೊಂಡು, ಮೂರು ತಿಂಗಳು ಬಿಟ್ಟು ಬರುವುದಾಗಿ ಹೇಳಿ ಹೊರಟರು.

ಮೆಟ್ಟಿಲ ಬಳಿ ಲೈಬ್ರರಿಯಮ್ಮ ನಿಂತಿದ್ದರು.

"ನಾನು ಏನೋ ಹೇಳಿದೆ ಅಂತಿದ್ದಾರೆ ಮೇಷ್ಟ್ರೇ. ಏನು ಹೇಳಿದೆನೋ, ನೆನಪಿಲ್ಲ. ನಿಮಗೆ ಉಪಯೋಗ ಆಯ್ತಾ?"

"ಆಯ್ತಮ್ಮಾ."

"ಒಳ್ಳೇದಾಯ್ತು," ಎಂದು ಅವರು ಕೈಕಂಬಿ ಹಿಡಿದು ಇಳಿದರು.

ಮರುದಿನ ಬೆಳಗ್ಗೆ ಆರು ಗಂಟೆಗೆ ಕೊಡೆಯವನು ಅಡುಗೆಮನೆಯ ಮೇಜಿನ ಮುಂದೆ ಕೂತ. ಕಾರ್ಯದರ್ಶಿಗಳು ಕಟ್ಟಿ ಕೊಟ್ಟಿದ್ದ ನಮೂನೆಗಳನ್ನು ಬಿಚ್ಚಿದ. "ಸದರಿಯವರು ಎರಡು ಆಟೀನು ಎಂದರೇನೆಂಬುದನ್ನು ಸಂಪೂರ್ಣವಾಗಿ ಮರೆತಿದ್ದಾರೆಂದು ನಾನು ಬಲ್ಲೆ." ಅಚ್ಚಾದ ಈ ಸಾಲಿನ ಕೆಳಗೆ ಹೆಸರು, ತಾರೀಕು, ಷರಾ, ರುಜು. ಹೆಸರು ಕಾರ್ಯದರ್ಶಿಗಳೇ ತುಂಬಿದ್ದರು, ಮಿಕ್ಕಿದ್ದು ಅವನ ಕೈಯಲ್ಲೇ ಆಗಬೇಕು. ಅವನ ಅಕ್ಷರ ದೊಡ್ಡದು, ಕೈ ನಿಧಾನ. ಒಂದಕ್ಕೆ ಹದಿನೈದು ನಿಮಿಷ ಹಿಡಿಯಿತು. ಕಾರ್ಯದರ್ಶಿಗಳು ಮರೆತಿದ್ದಾರೆ. ಹಲ್ಲಿನ ಡಾಕ್ಟರು ಮರೆತಿದ್ದಾರೆ. ಲೈಬ್ರರಿಯಮ್ಮ ಮರೆತಿದ್ದಾರೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಹನ್ನೆರಡು ಗುರುವಾರಗಳನ್ನು ರಿಪೇರಿ ಮಾಡುತ್ತಿದ್ದೇನೆ ಅನ್ನಿಸಿತು.

ಹನ್ನೆರಡು ಮುಗಿದ ಮೇಲೆ ಇನ್ನೊಂದು ಉಳಿದಿತ್ತು. ಕಾರ್ಯದರ್ಶಿಗಳು ಪಟ್ಟಿ ನೋಡಿಕೊಂಡು ಹೆಸರು ತುಂಬಿದವರು, ತಪ್ಪುವವರಲ್ಲ. ಹದಿಮೂರನೆಯದರ ಮೇಲೆ ಅವನ ಹೆಂಡತಿಯ ಹೆಸರಿತ್ತು.

ಅವನು ಎದ್ದು ಒಂದು ಲೋಟ ನೀರು ಕುಡಿದ. ಮತ್ತೆ ಕೂತ. "ಮರೆತಿದ್ದಾರೆ" ಎನ್ನುವುದರ ಮೇಲೆ ಗೆರೆ ಎಳೆದ. ಷರಾ ಎಂದು ಬರೆದ ಜಾಗದ ಮುಂದೆ, ಒಂದೊಂದೇ ಅಕ್ಷರ ಕೂಡಿಸಿ, ಬರೆದ.

"ಎರಡು ಇಸ್ಪೀಟು."

ಹತ್ತಕ್ಕೆ ಇನ್ನೂ ಹನ್ನೆರಡು ನಿಮಿಷ ಇರುವಾಗ ಅವನು ಕ್ಲಬ್ಬಿನ ಮೆಟ್ಟಿಲು ಹತ್ತಿದ. ಕಾರ್ಯದರ್ಶಿಗಳು ಒಂದೊಂದಾಗಿ ಓದಿ ಮೊಹರು ಒತ್ತುತ್ತ ಬಂದರು. ಹದಿಮೂರನೆಯದನ್ನು ಓದುವಾಗ ಮೊಹರು ಗಾಳಿಯಲ್ಲಿ ನಿಂತಿತು. ಅವರ ತಲೆ ತಾನಾಗಿ ಒಂದು ಸಲ ಆಡಿತು, ಸರಿಯಾದ ಕೂಗು ಕೇಳಿದವರ ತಲೆ ಆಡುವ ಹಾಗೆ. ಕೂಡಲೇ ಎಚ್ಚರಗೊಂಡರು.

"ಇಲ್ಲಿ ಏನೋ ಬರೆದಿದ್ದೀರಿ ಮೇಷ್ಟ್ರೇ. ನನಗೆ ಅರ್ಥ ಆಗೋದಿಲ್ಲ."

"ಗೊತ್ತು," ಅಂದ ಕೊಡೆಯವನು. "ತಡವಾಯ್ತಾ?"

ಕಾರ್ಯದರ್ಶಿಗಳು ಗೋಡೆಯ ಗಡಿಯಾರ ನೋಡಿದರು. ನಿಯಮದ ಪುಸ್ತಕವನ್ನೂ ತೆಗೆದು ನೋಡಿದರು.

"ಹತ್ತರ ಒಳಗೇ ಬಂದಿದೆ. ತಡ ಅಲ್ಲ."

ಮೊಹರು ಒತ್ತಿದರು. ಸ್ವೀಕೃತಿಯ ಚೀಟಿ ಹರಿದು ಕೊಟ್ಟರು. ಕೊಡೆಯವನು ಅದನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಅಂಗಡಿ ತೆಗೆಯಲು ಹೋದ.